ಹೆದರಿಕೆ ಹೇಳಿಕೊಟ್ಟವರು

ಸುದ್ದಿ ಬಂದದ್ದು ಅಡಿಲೇಡ್‌ನಿಂದ, ಶನಿವಾರ ಬೆಳಿಗ್ಗೆ, ನಾನು ದೋಸೆ ಹುಯ್ಯುತ್ತಿದ್ದಾಗ. ಕೈಗೆಲ್ಲ ಹಿಟ್ಟು ಮೆತ್ತಿತ್ತು, ಹಾಗಾಗಿ ಮಗಳೇ ಫೋನ್ ತೆಗೆದು ಮೆಸೇಜ್ ಓದಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು.

"ಅಮ್ಮ, ಚಕ್ಕೋತ ಆಂಟಿ ಪಾಸ್ಡ್ ಅವೇ."

ಮನೆಯಲ್ಲಿ ಅವಳು ಕನ್ನಡ ಆಡುವುದೇ ಅಪರೂಪ. ಆ ಹಣ್ಣಿನ ಹೆಸರನ್ನು ಮಾತ್ರ ಎಂದೂ ಇಂಗ್ಲಿಷಿನಲ್ಲಿ ಹೇಳಿದವಳಲ್ಲ. ನಾನು ಒಲೆ ಆರಿಸಿದೆ. ಕಾವಲಿಯ ಮೇಲಿನ ದೋಸೆ ಅರ್ಧ ಬೆಂದು ಹಾಗೆಯೇ ನಿಂತಿತು.

"ಯಾರು, ನಿನ್ನ ವಿಯೆಟ್ನಾಂ ಮೇಡಮ್ಮಾ?" ಯಜಮಾನರು ಹೊರಗಿನಿಂದ ಬಂದು ಕೇಳಿದರು.

"ಹೂಂ ರೀ. ಮಗಳ ಮನೇಲೇ ಅಂತೆ. ನಿದ್ದೇಲೇ ಹೋದ್ರಂತೆ."

"ನಿದ್ದೇಲೇನಾ?" ಎಂದರು ಅವರು. 

ಆ ಮೇಡಮ್ಮಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಎಲ್ಲರಿಗೂ ಅವರು 'ಕೋ'. ವಿಯೆಟ್ನಾಮಿನವರಿಗೆ ಪಾಠ ಹೇಳುವ ಹೆಂಗಸೂ ಕೋ, ಅಪ್ಪನ ತಂಗಿಯೂ ಕೋ. ಟೀಚರಿಗೂ ಸೋದರತ್ತೆಗೂ ಒಂದೇ ಪದ ಇಟ್ಟುಕೊಂಡಿರುವ ಜನ ಎಂದು ತಿಳಿದ ದಿನ ನನಗೆ ಬಹಳ ಹಿತವಾಗಿತ್ತು. ನಾನೂ ಹಾಗೆಯೇ ಕರೆದೆ. ಅವರು ನನ್ನ ಹತ್ತಿರ ಆಡುತ್ತಿದ್ದದ್ದು ಇಂಗ್ಲಿಷ್. ನೆನಪಿನಲ್ಲಿ ಮಾತ್ರ ಆ ಮಾತೆಲ್ಲ ಕನ್ನಡವಾಗಿಯೇ ಉಳಿದಿದೆ, ಅದೂ ಏಕವಚನದಲ್ಲಿ. ಅವರಷ್ಟು ಸಲೀಸಾಗಿ ನನಗೆ 'ನೀನು' ಅಂದವರು ತವರು ಬಿಟ್ಟ ಮೇಲೆ ಯಾರೂ ಸಿಕ್ಕಿರಲಿಲ್ಲ.

ಅವರ ಪರಿಚಯವಾದಾಗ ನಾವು ಆಗಷ್ಟೇ ಪರ್ತ್ ಬಿಟ್ಟು ಬ್ರಿಸ್ಬೇನ್‌ಗೆ ಬಂದಿದ್ದೆವು. ಪರ್ತ್‌ನಲ್ಲಿ ಕ್ಯಾನಿಂಗ್ಟನ್ ಹತ್ತಿರ ಮನೆ. ತರಕಾರಿಗೆ ಹೋದರೆ ಇಬ್ಬರು ಕನ್ನಡದವರಾದರೂ ಸಿಕ್ಕಿ, ಟ್ರಾಲಿ ಅಡ್ಡ ಇಟ್ಟುಕೊಂಡು ಗಂಟೆಗಟ್ಟಲೆ ಮಾತಾಡಿ ಬರುತ್ತಿದ್ದೆ. ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ ಒಬ್ಬರ ಮುಖವೂ ಗೊತ್ತಿರಲಿಲ್ಲ. ಮಗಳು ಸ್ಕೂಲಿಗೆ, ಇವರು ಆಫೀಸಿಗೆ ಹೋದ ಮೇಲೆ ಫ್ರಿಜ್ಜಿನ ಸದ್ದು ಕೇಳುತ್ತ ಕೂತಿರುವುದು ಬೇಡವೆನಿಸಿ, ಯೋಗ ಕ್ಲಾಸ್ ಇದೆಯೇ ಎಂದು ಕೇಳಲು ಹತ್ತಿರದ ಕಮ್ಯುನಿಟಿ ಹಾಲ್‌ಗೆ ಹೋದೆ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಹತ್ತು ಹನ್ನೆರಡು ಜನ ವಿಯೆಟ್ನಾಮಿನವರು ಇಂಗ್ಲಿಷ್ ಪಾಠಕ್ಕೆ ಕೂತಿದ್ದರು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜಿಯರು, ಉಗುರಿಗೆ ಬಣ್ಣ ಹಚ್ಚುವ ಅಂಗಡಿಯ ಹುಡುಗಿಯರು, ತೋಟದ ಕೆಲಸದ ಗಂಡಸರು. ನಡುವೆ ಎಪ್ಪತ್ತು ದಾಟಿದ ಒಬ್ಬ ಪುಟ್ಟ ಹೆಂಗಸು ನಿಂತಿದ್ದರು. ಸೂರಿನ ಕೆಳಗಿದ್ದರೂ ತಲೆಯ ಮೇಲೆ ಬಿಸಿಲಿನ ಹ್ಯಾಟು, ಗದ್ದದ ಕೆಳಗೆ ಅದರ ಲಾಡಿಯ ಗಂಟು.

ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ, ದಯವಿಟ್ಟು ಯೋಗ ತರಗತಿ ಎಲ್ಲಿ ನಡೆಯುತ್ತದೆಂದು ತಿಳಿಸಬಹುದೇ ಎಂದು ನಾನು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಕೇಳಿದೆ. ಅವರು ಕೈ ಎತ್ತಿದರು.

"ಇನ್ನೊಂದ್ಸಲ ಹೇಳು."

ಹೇಳಿದೆ. ಅವರು ಕೂತವರ ಕಡೆ ತಿರುಗಿ, ಕೇಳಿದಿರಾ ಎನ್ನುವಂತೆ ಹುಬ್ಬು ಹಾರಿಸಿದರು. ಆಮೇಲೆ ನನ್ನ ಕಡೆ ನೋಡಿ, "ನಿನ್ನ ಇಂಗ್ಲಿಷ್‌ಗೆ ಇಸ್ತ್ರಿ ಹಾಕಿದ್ದು ಯಾರು?"

"ಮೈಸೂರಿನ ನನ್‌ಗಳು."

"ಚೆನ್ನಾಗಿ ಹಾಕಿದಾರೆ. ಕೂತ್ಕೋ. ಇವರು ಸುಕ್ಕಿಲ್ಲದ ಇಂಗ್ಲಿಷ್ ಒಂದ್ಸಲನಾದ್ರೂ ಕೇಳಲಿ. ಆಮೇಲೆ ಹೇಗೂ ಟೀವಿಯವರು ಮುದುಡಿ ಹಾಕ್ತಾರೆ."

ಕೂತೆ. ಯೋಗ ಕಲಿಯುವುದು ಇವತ್ತಿಗೂ ಆಗಿಲ್ಲ.

ಅವರ ಪಾಠದ ಪದ್ಧತಿ ನಾನು ಎಲ್ಲೂ ನೋಡದಂಥದು. ವಾರಕ್ಕೆ ಒಂದೇ ಪದ. ಅದರ ಅರ್ಥವನ್ನು ಅವರವರ ಭಾಷೆಯಲ್ಲಿ ಬರೆದುಕೊಳ್ಳಲು ಬಿಡುತ್ತಿರಲಿಲ್ಲ. ಮೊದಲು ನಾನು ಆ ಪದವನ್ನು ನಿಧಾನವಾಗಿ ಉಚ್ಚರಿಸಬೇಕು. ಆಮೇಲೆ ಆ ಪದ ಮೈಯಲ್ಲಿ ಎಲ್ಲಿ ಕೂರುತ್ತದೆ ಎಂದು ಪ್ರತಿಯೊಬ್ಬರೂ ಕೈ ಇಟ್ಟು ತೋರಿಸಬೇಕು. ಕೊನೆಗೆ ಮನೆಗೆಲಸ: ಆ ವಾರದೊಳಗೆ ಗುರುತಿಲ್ಲದ ಒಬ್ಬರ ಹತ್ತಿರ ಆ ಪದವನ್ನು ನಿಜವಾಗಿ ಆಡಬೇಕು. ಸುಮ್ಮನೆ ಆಡಿದರೆ ಆಗದು, ಕೇಳಿದವರ ಮುಖ ಬದಲಾಗಬೇಕು. "ಎದುರಿಗಿರೋರ ಮುಖ ಅಲ್ಲಾಡಲಿಲ್ಲ ಅಂದ್ರೆ ಪದ ಇನ್ನೂ ಡಿಕ್ಷನರೀಲೇ ಇದೆ ಅಂತ," ಎನ್ನುತ್ತಿದ್ದರು.

ಪಾಠ ಮುಗಿದ ಮೇಲೆ ಹಣ್ಣು. ಚಕ್ಕೋತದ ಕಾಲದಲ್ಲಿ ಚಕ್ಕೋತ. ಒಂದೊಂದು ತೊಳೆಯ ಬಿಳಿ ಸಿಪ್ಪೆಯನ್ನೂ ಎಳೆ ಬಿಡದೆ ಸುಲಿದು, ಒಳಗಿನ ಕಣಗಳು ಒಂದೂ ಒಡೆಯದ ಹಾಗೆ ತಟ್ಟೆಯಲ್ಲಿ ಜೋಡಿಸುತ್ತಿದ್ದರು. ಮಗಳಿಗೆಂದು ಒಂದು ಡಬ್ಬಿ ಬೇರೆ. ಸೀಬೆಹಣ್ಣಾದರೆ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದರು. ಮೊದಲ ಸಲ ಅದನ್ನು ಬಾಯಿಗಿಟ್ಟಾಗ ಸ್ಕೂಲ್ ಗೇಟಿನ ಮುಂದಿನ ತಳ್ಳುಗಾಡಿ ನೆನಪಾಗಿ ನನ್ನ ಕಣ್ಣಲ್ಲಿ ನೀರು ಬಂತು. "ಖಾರ ಜಾಸ್ತಿಯಾಯ್ತಾ?" ಎಂದರು. ಹೂಂ ಎಂದೆ. ನಂಬಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ.

ಆ ವರ್ಷ ಅವರು ಹೆದರಿಕೆಯ ಪದಗಳನ್ನು ಹಿಡಿದರು. ಯಾಕೆ ಅವೇ ಎಂದು ನಾನು ಕೇಳಿದ್ದಕ್ಕೆ, "ನಮ್ಮವರು ಈ ದೇಶದಲ್ಲಿ ಮೊದಲು ಕಲಿಯೋದು ಥ್ಯಾಂಕ್ಯೂ, ಆಮೇಲೆ ಸಾರಿ, ಆಮೇಲೆ ನೋ ವರೀಸ್. ಇದೊಂದನ್ನ ಯಾರೂ ಕಲಿಯಲ್ಲ," ಎಂದರು.

'ಸ್ಕೇರ್ಡ್' ಅಂದಾಗ ಎಲ್ಲರೂ ಕಾಲು ಮುಟ್ಟಿಕೊಂಡರು: ನಾಯಿ ಬೊಗಳಿದರೆ ಓಡುವ ಕಾಲು. 'ಅಫ್ರೇಡ್'ಗೆ ಕೆಲವರು ಎದೆ, ಕೆಲವರು ಗಂಟಲು. ಮೂರನೆಯ ವಾರ 'ಡ್ರೆಡ್' ಬಂತು. ಬೋರ್ಡಿನ ಮೇಲೆ ಬರೆದು ಅವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತರು.

"ಇದಕ್ಕೆ ನಾಯಿ ಎದುರಿಗಿರಬೇಕಾಗಿಲ್ಲ," ಎಂದರು. "ನಾಯಿ ಮುಂದಿನ ಗುರುವಾರ ಬರುತ್ತೆ. ಬಂದೇ ಬರುತ್ತೆ ಅಂತ ನಿಮಗೆ ಗೊತ್ತು. ಈವತ್ತು ಸೋಮವಾರ. ನೀವು ಅನ್ನ ಮಾಡ್ತೀರಿ, ಬಟ್ಟೆ ಒಗೀತೀರಿ, ಜನರ ಹತ್ರ ನಗ್ತೀರಿ. ಆವಾಗ ಒಳಗೆ ಇರುತ್ತಲ್ಲ, ಅದು."

ನಾನು ಮನಸ್ಸಿನಲ್ಲೇ ಕನ್ನಡ ಹುಡುಕುತ್ತಿದ್ದೆ. ಭಯ, ಅಂಜಿಕೆ, ಅಳುಕು, ದಿಗಿಲು. ದಿಗಿಲು ಹತ್ತಿರ ಬಂದಂತಾಯಿತು, ಆದರೆ ದಿಗಿಲು ಒಮ್ಮೆಲೇ ಬೀಳುವಂಥದು. ಇದು ದಿನಗಟ್ಟಲೆ ಜೊತೆಯಲ್ಲಿ ಉಂಡು ಮಲಗುವಂಥದು. ನನ್ನ ಪಕ್ಕದ ಅಜ್ಜಿ ಹೊಟ್ಟೆಯ ಮೇಲೆ ಕೈಯಿಟ್ಟರು. ನನ್ನ ಕೈಯೂ ಅಲ್ಲಿಗೇ ಹೋಗಿತ್ತು.

ಆ ಅಜ್ಜಿಯ ಕಥೆ ಹೇಳಿಬಿಡಬೇಕು. ಮುಂದಿನ ವಾರ ಬಂದು, ಬಸ್ ಡ್ರೈವರಿಗೆ 'ಐ ಡ್ರೆಡ್ ಯುವರ್ ಬಸ್' ಅಂದೆ ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಅವನೇನಂದ?" ಕೋ ನಗಲಿಲ್ಲ.

"ಅವನೂ ನಕ್ಕ. ಯಾಕೆ ಅಂದ. ನಾನು ಕೂರೋಕೆ ಮುಂಚೆನೇ ಬಸ್ ಬಿಡ್ತೀಯ, ಪ್ರತಿ ಸಲ ಕಂಬಿ ಹಿಡ್ಕೊಂಡು ಜೋಲಿ ಹೊಡೀತೀನಿ ಅಂತ ಕೈಯಲ್ಲೇ ಮಾಡಿ ತೋರಿಸಿದೆ."

"ಆಮೇಲೆ?"

"ಈಗ ನಾನು ಕೂರೋವರೆಗೂ ಕನ್ನಡೀಲಿ ನೋಡ್ತಾ ಕಾಯ್ತಾನೆ."

ಕೋ ಹ್ಯಾಟು ತೆಗೆದು ಆ ಅಜ್ಜಿಗೆ ತಲೆಬಾಗಿದರು. ಅವರು ಹ್ಯಾಟು ತೆಗೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆದರೆ ಪದವನ್ನು ಮೈಯ ಮೇಲೆ ತೋರಿಸಿದ ಆ ದಿನವೇ ಇನ್ನೊಂದು ಸಂಗತಿ ನಡೆದಿತ್ತು. ಲಾನ್ ಎಂಬ ಹೆಂಗಸು ಕ್ಲಾಸಿಗೆ ಬರುತ್ತಿದ್ದಳು. ನಲವತ್ತರ ಆಸುಪಾಸು, ಹತ್ತಿರದ ಬೇಕರಿಯಲ್ಲಿ ಕೆಲಸ, ಮುಂಗೈ ತುಂಬ ಓವನ್ನಿನ ಸುಟ್ಟ ಗೆರೆಗಳು. ಮನೆ ಇಪ್ಸ್‌ವಿಚ್ ಕಡೆ. ಗಂಡ ಅಲ್ಲಿ ಟ್ರಕ್ ಓಡಿಸುತ್ತಿದ್ದ. ಯಾವ ಮಾತಿಗೂ ಬಾಯಿ ಮುಚ್ಚಿಕೊಂಡು ನಗುವವಳು. ಎಲ್ಲರೂ ಹೊಟ್ಟೆ ಮುಟ್ಟಿಕೊಂಡಾಗ ಅವಳು ಮಾತ್ರ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ನಗುತ್ತಲೇ ಇದ್ದಳು.

ಅವಳಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಗಬೇಕಿತ್ತು. ತಿಂಗಳು ತಿಂಗಳೂ ರಕ್ತ ಹೋಗಿ ತುಟಿ ಬಿಳಿಚಿಕೊಂಡಿತ್ತು. ಆದರೂ ಎರಡು ಸಲ ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸಿದ್ದಳು. ಒಂದು ಸಲ ಅಂಗಡಿಯಲ್ಲಿ ಜನ ಇಲ್ಲ ಎಂದು, ಇನ್ನೊಂದು ಸಲ ಮಗನ ಪರೀಕ್ಷೆ ಎಂದು. ಹೀಗೇ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನೂ ಅವಳು ನಗುತ್ತಲೇ ನಮಗೆ ಹೇಳಿದ್ದಳು.

ಅವತ್ತು ಎಲ್ಲರೂ ಹೋದ ಮೇಲೆ ಕೋ ಅವಳನ್ನು ಕೂರಿಸಿಕೊಂಡು ಅವರ ಭಾಷೆಯಲ್ಲಿ ಏನೋ ಕೇಳಿದರು. ಲಾನ್ ಇಲ್ಲವೆಂದು ತಲೆಯಾಡಿಸಿದಳು, ನಕ್ಕಳು, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಳು.

"ಏನೋ ಇದೆ ಅವಳ ಹತ್ರ," ಎಂದರು ಕೋ. "ನನಗೆ ಹೇಳಲ್ಲ."

"ಆಸ್ಪತ್ರೇಲಿ ಇಂಟರ್‌ಪ್ರಿಟರ್ ಕೊಡ್ತಾರಲ್ಲ ಕೋ?"

"ಕೊಡ್ತಾರೆ. ಇವಳೇ ಬೇಡ ಅಂದಿದಾಳೆ. ಇಂಟರ್‌ಪ್ರಿಟರ್‌ನ ಅತ್ತಿಗೆ ಇವಳ ಅಂಗಡೀಲೇ ಬ್ರೆಡ್ ತಗೊಳ್ಳೋದಂತೆ, ಸುದ್ದಿ ಹಬ್ಬುತ್ತೆ ಅಂತ." ಅವರು ನಿಟ್ಟುಸಿರಿಟ್ಟರು. "ನಾವು ಹೆದರಿದಾಗ ನಗ್ತೀವಿ. ನಮ್ಮೂರಲ್ಲಿ ಆ ನಗು ಯಾರಿಗಾದ್ರೂ ಅರ್ಥ ಆಗುತ್ತೆ. ಇಲ್ಲಿ ನರ್ಸ್ ನೋಡ್ತಾಳೆ, ಪೇಷೆಂಟ್ ಆರಾಮಾಗಿದಾರೆ ಅಂದ್ಕೋತಾಳೆ. ಅವಳ ತಪ್ಪೇನಿದೆ? ನಗು ನಗೂನೇ ತಾನೆ."

ನನಗೆ ನಮ್ಮ ಮನೆಯ ಹೆಂಗಸರ 'ಏನಿಲ್ಲ ಬಿಡಿ, ಪರವಾಗಿಲ್ಲ' ನೆನಪಾಯಿತು.

ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಲಾನಳ ಜೊತೆ ಕೋ ಹೋಗುವುದೆಂದು ತೀರ್ಮಾನವಾಯಿತು. ಗಂಡನಿಗೆ ರಜೆ ಸಿಗಲಿಲ್ಲ. ಕೋಗೆ ಡ್ರೈವಿಂಗ್ ಬರದು. ನನಗೆ ಹೇಳಿ ಕಳಿಸಿದರು. ನಾನು ಅವರ ಮನೆ ಮುಂದೆ ಕಾರು ನಿಲ್ಲಿಸಿದಾಗ ಕಿಟಕಿಗೆ ಬಗ್ಗಿ, "ನೀನು ಕಾರು ಓಡಿಸು. ಬಾಯಿ ಓಡಿಸಬೇಡ," ಎಂದರು. ಅವರು ಹೀಗೆ ತಮಾಷೆ ಮಾಡುವವರೇ. ಇದೂ ಹಾಗೆಯೇ ಇರಬೇಕು ಎಂದುಕೊಂಡೆ.

ಅರಿವಳಿಕೆ ಕೊಡುವ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಮುಖದಲ್ಲಿ ಬಹಳ ಸೌಜನ್ಯವಿತ್ತು. ಕಂಪ್ಯೂಟರ್ ನೋಡುತ್ತ ಒಂದೊಂದೇ ಕೇಳುತ್ತ ಹೋದರು. ಅಲರ್ಜಿ? "ನೋ." ಆಸ್ತಮಾ? "ನೋ." ಹಿಂದೆ ಯಾವಾಗಲಾದರೂ ಅರಿವಳಿಕೆ ತೆಗೆದುಕೊಂಡಿದ್ದೀರಾ? "ಯೆಸ್. ಬೇಬಿ." ಆಗ ಏನಾದರೂ ತೊಂದರೆ?

ಲಾನ್ ನಕ್ಕಳು. "ನೋ ಪ್ರಾಬ್ಲಂ."

ಡಾಕ್ಟರೂ ನಕ್ಕರು. ಕೀಲಿ ಒತ್ತಿದ ಸದ್ದಾಯಿತು. ನಾನು ಲಾನಳ ಕೈ ನೋಡಿದೆ. ಮಡಿಲಲ್ಲಿ ಒಂದರ ಮೇಲೊಂದು ಇಟ್ಟಿದ್ದ ಕೈಗಳು ಮೇಲಕ್ಕೇರಲು ಹೊರಟು ಮತ್ತೆ ಇಳಿದವು. ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. ಕೋ ನನ್ನ ಕಡೆ ನೋಡಲೇ ಇಲ್ಲ. ಸುಮ್ಮನೆ ನನ್ನ ಮಣಿಕಟ್ಟು ಹಿಡಿದರು. ಚಕ್ಕೋತ ಸುಲಿಯುವ ಆ ಬೆರಳುಗಳಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

"ಹಾಗಾದರೆ ಎಲ್ಲ ಸರಿಯಿದೆ. ಏನಾದರೂ ಕೇಳುವುದಿದೆಯೇ?" ಎಂದರು ಡಾಕ್ಟರು.

ಲಾನ್ ಕೋ ಕಡೆ ತಿರುಗಿದಳು. ಆ ನೋಟವನ್ನು ಹೇಗೆ ವರ್ಣಿಸಲಿ? ನೀವೇ ಹೇಳಿಬಿಡಿ ಎಂದು ಕಾಲಿಗೆ ಬಿದ್ದ ಹಾಗಿತ್ತು. ಕೋ ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರವಿತ್ತಲ್ಲ, ಅದನ್ನು ನೋಡುತ್ತ ಕೂತಿದ್ದರು. ಬಾಯಲ್ಲಿ ಎರಡು ಭಾಷೆ ಇಟ್ಟುಕೊಂಡ ಮನುಷ್ಯರು, ಒಂದು ಜೀವದ ಪ್ರಶ್ನೆ ಎದುರಿಗಿರುವಾಗ ಹಾಗೆ ತುಟಿ ಬಿಗಿದು ಕೂರಬಲ್ಲರೆಂದು ನಾನು ಅದುವರೆಗೆ ತಿಳಿದಿರಲಿಲ್ಲ. ಇದು ಕಲ್ಲುಹೃದಯ ಎಂದೂ ಒಂದು ಕ್ಷಣ ಅನ್ನಿಸಿತು. ಆದರೆ ನನ್ನ ಮಣಿಕಟ್ಟಿನ ಮೇಲಿದ್ದ ಅವರ ಕೈ ಬೆವರಿನಿಂದ ಒದ್ದೆಯಾಗಿತ್ತು.

ಡಾಕ್ಟರು ಏಳಲು ಕುರ್ಚಿ ಹಿಂದಕ್ಕೆ ಸರಿಸಿದರು.

"ಐ ಡ್ರೆಡ್," ಎಂದಳು ಲಾನ್.

"ಸಾರಿ?"

"ಐ ಡ್ರೆಡ್. ದ ಸ್ಲೀಪ್." ಅವಳು ನಗುತ್ತಿರಲಿಲ್ಲ. ನಗು ಇಲ್ಲದ ಲಾನಳ ಮುಖವನ್ನು ನಾನು ಮೊದಲ ಬಾರಿ ನೋಡಿದೆ. ಬೇರೆ ಯಾರೋ ಬಂದು ಕೂತ ಹಾಗಿತ್ತು. "ಬೇಬಿ ಟೈಮ್, ಐ ನಾಟ್ ಸ್ಲೀಪ್. ಐ ಹಿಯರ್."

ಡಾಕ್ಟರು ಕೂತರು. ಕುರ್ಚಿಯನ್ನು ಕಂಪ್ಯೂಟರಿನಿಂದ ಎಳೆದು ಲಾನಳ ಮೊಣಕಾಲ ಹತ್ತಿರ ತಂದರು. ಏನು ಕೇಳಿಸಿತು ಎಂದು ಮೆಲ್ಲಗೆ ಕೇಳಿದರು.

ಕತ್ತರಿ, ಎಂದಳು. ಊಟಕ್ಕೆ ಏನು ತರಿಸೋಣ ಎಂದು ಮಾತಾಡಿಕೊಳ್ಳುತ್ತಿದ್ದರು, ಎಂದಳು. ನೋವು, ಎಂದಳು. ಮಗು ಅತ್ತದ್ದು ಕೇಳಿಸಿತು. ಕಣ್ಣು ಬಿಡಲಾಗಲಿಲ್ಲ, ಬೆರಳು ಅಲ್ಲಾಡಿಸಲಾಗಲಿಲ್ಲ, ಎಚ್ಚರವಾಗಿದ್ದೇನೆ ಎಂದು ಹೇಳಲಾಗಲಿಲ್ಲ. ಒಂದೊಂದೇ ಪದ, ನಡುವೆ ಬಹಳ ಹೊತ್ತು. ಯಾರೂ ಆತುರ ಮಾಡಲಿಲ್ಲ.

"ಆಮೇಲೆ ಯಾರಿಗಾದರೂ ಹೇಳಿದಿರಾ?"

"ಬೇಬಿ ಗುಡ್," ಎಂದಳು ಲಾನ್. "ಎವ್ರಿಬಡಿ ಹ್ಯಾಪಿ. ಐ ಸ್ಮೈಲ್."

ಡಾಕ್ಟರ ಕಣ್ಣು ಕೆಂಪಾಗಿತ್ತು. ಹಾಗೆ ಅಪರೂಪಕ್ಕೆ ಆಗುವುದುಂಟು, ನೀವು ಹೇಳಿದ್ದು ಬಹಳ ಒಳ್ಳೆಯದಾಯಿತು ಎಂದರು. ಈ ಸಲ ಔಷಧಿಯ ಕ್ರಮವನ್ನೇ ಬದಲಿಸುತ್ತೇವೆ, ಹಣೆಗೆ ಒಂದು ಪಟ್ಟಿ ಅಂಟಿಸಿ ನಿದ್ದೆ ಎಷ್ಟು ಆಳವಾಗಿದೆ ಎಂದು ಪರದೆಯ ಮೇಲೆ ನೋಡುತ್ತಲೇ ಇರುತ್ತೇವೆ, ನಾನೇ ತಲೆಯ ಹತ್ತಿರ ನಿಂತಿರುತ್ತೇನೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಪರದೆಯ ಮೇಲೆ ಒತ್ತಿದ್ದನ್ನು ಅಳಿಸಿ ಉದ್ದಕ್ಕೆ ಏನೋ ಬರೆದರು.  ಎರಡು ವಾರದ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಾನು ಉಚ್ಚರಿಸಿ ತೋರಿಸಿದ ಪದ ಆ 'ಡ್ರೆಡ್'.

ಲಾನಳನ್ನು ಮನೆಗೆ ಬಿಟ್ಟು ವಾಪಸ್ ಬರುವಾಗ ಪೆಟ್ರೋಲ್ ಹಾಕಿಸಲು ಬಂಕಿನಲ್ಲಿ ನಿಲ್ಲಿಸಿದೆ. ಕಾರಿಗೆ ಹತ್ತಿದವಳೇ ಕೇಳಿಬಿಟ್ಟೆ.

"ಅವಳು ಹೇಳದೇ ಇದ್ದಿದ್ರೆ ಏನ್ಮಾಡ್ತಿದ್ರಿ ಕೋ?"

"ಅವಳು ಹೊರಟ ಮೇಲೆ ಒಳಗೆ ಹೋಗಿ ನಾನೇ ಹೇಳ್ತಿದ್ದೆ, ಇವಳ ಹತ್ರ ಏನೋ ಇದೆ, ಬಿಡಬೇಡಿ ಅಂತ. ಸಾಯಲಿ ಅಂತ ಬಿಡ್ತೀನಾ?" ಎಂದರು. ಸ್ವಲ್ಪ ಹೊತ್ತು ಹ್ಯಾಟಿನ ಲಾಡಿ ಬಿಚ್ಚುತ್ತ ಕಟ್ಟುತ್ತ ಕೂತರು. "ಅಡಿಲೇಡ್‌ನಲ್ಲಿ ನನ್ನ ಗಂಡ ಕಾಯಿಲೆ ಬಿದ್ದಾಗ ಪ್ರತಿ ಸಲ ನಾನೇ ಜೊತೆಗೆ ಹೋಗ್ತಿದ್ದೆ. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಡಾಕ್ಟರ್ ಹೇಗಿದೀರ ಅಂತ ಕೇಳೋರು. ಇವರು ನಕ್ಕು, ಚೆನ್ನಾಗಿದೀನಿ ಅಂತ ಹೇಳು ಅನ್ನೋರು. ನಾನು ಹೇಳ್ತಿದ್ದೆ, ಹಿ ಈಸ್ ಗುಡ್ ಅಂತ. ಕೊನೇವರೆಗೂ ಅದನ್ನೇ ಹೇಳಿದೆ. ಒಂದು ಪದಾನೂ ತಪ್ಪಿಲ್ಲದೆ ಟ್ರಾನ್ಸ್‌ಲೇಟ್ ಮಾಡಿದೆ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಕಾರನ್ನು ಮುಂದಕ್ಕೆ ತೆಗೆದೆ. 

ಆಪರೇಷನ್ ದಿನ ಮಗಳಿಗೆ ಊಟದ ಡಬ್ಬಿ ಕಟ್ಟಿ ನಾನೂ ಹೋದೆ. "ಯು ಡೋಂಟ್ ಈವನ್ ನೋ ಹರ್ ದಟ್ ವೆಲ್, ಅಮ್ಮ," ಎಂದಳು ಮಗಳು. ನಿಜ, ಲಾನಳ ಮನೆಯ ಒಳಗನ್ನೂ ನಾನು ನೋಡಿರಲಿಲ್ಲ. ಅವಳ ಗಂಡ ಹೊರಗೆ ಕ್ಯಾಪನ್ನು ಹಿಂಡುತ್ತ ಕೂತಿದ್ದ. ಕೋ ಬೆನ್ನು ನೆಟ್ಟಗೆ ಮಾಡಿ ಅವನ ಪಕ್ಕ ಕೂತಿದ್ದರು; ಅವನಿಗೆ ಆಗಾಗ ಒಂದೆರಡು ಮಾತು ಹೇಳುತ್ತ, ನರ್ಸುಗಳು ಬಂದರೆ ಸ್ಪಷ್ಟವಾದ ಇಂಗ್ಲಿಷಿನಲ್ಲಿ ವಿಚಾರಿಸುತ್ತ. ಆ ಧೈರ್ಯ ನೋಡಿ ನಾನೂ ಧೈರ್ಯವಾಗಿದ್ದೆ.

ಮಧ್ಯಾಹ್ನ ಲಾನಳನ್ನು ವಾರ್ಡಿಗೆ ತಂದರು. ಗಂಡ ಮೊದಲು ಹೋಗಿ, ಹಾಸಿಗೆಯ ಆ ಬದಿಗೆ ನಿಂತು ಅವಳ ಕೂದಲು ಸರಿಮಾಡಿದ. ನಾವಿಬ್ಬರೂ ಕಾಲ ಬಳಿ ನಿಂತೆವು. ಅವಳ ಕಣ್ಣು ಅರ್ಧ ತೆರೆದಿತ್ತು. ಕೋ ಅವಳ ಪಾದ ಮುಟ್ಟಿದರು, ಏನೂ ಕೇಳಲಿಲ್ಲ. ಲಾನ್ ಅವರನ್ನೇ ನೋಡಿ, ಒಣಗಿದ ಗಂಟಲಿನಲ್ಲಿ, ಇಂಗ್ಲಿಷಿನಲ್ಲೇ ಹೇಳಿದಳು.

"ನಥಿಂಗ್, ಕೋ. ಐ ಹಿಯರ್ ನಥಿಂಗ್."

ಕೋ ನರ್ಸ್ ಕಡೆ ತಿರುಗಿ ಮಾತಾಡಿದರು. ನರ್ಸ್ ಹುಬ್ಬುಗಂಟಿಕ್ಕಿ, "ಸಾರಿ ಲವ್?" ಎಂದಳು. ಕೋ ಮತ್ತೆ ಹೇಳಿದರು, ಜೋರಾಗಿ, ಉದ್ದವಾಗಿ. ಆಗ ನನಗೆ ಗೊತ್ತಾಯಿತು, ಅವರು ಆಡುತ್ತಿದ್ದದ್ದು ವಿಯೆಟ್ನಾಮಿ. ಅವರಿಗೆ ಅದು ಗೊತ್ತಾಗಿರಲಿಲ್ಲ. ಅರ್ಧ ಆಯುಷ್ಯ ಈ ದೇಶದಲ್ಲಿ ಇಂಗ್ಲಿಷ್ ಹೇಳಿಕೊಟ್ಟವರ ಬಾಯಲ್ಲಿ ಆ ಗಳಿಗೆ ಒಂದು ಇಂಗ್ಲಿಷ್ ಪದವೂ ಉಳಿದಿರಲಿಲ್ಲ. ಅವರು ಹಿಡಿದಿದ್ದ ಹಾಸಿಗೆಯ ಕಂಬಿ ಕಟಕಟ ಸದ್ದು ಮಾಡುತ್ತಿತ್ತು. ಅವರನ್ನು ಹಿಡಿದುಕೊಳ್ಳೋಣವೆಂದು ನಾನು ಮುಂದೆ ಹೋದೆ. ಅಷ್ಟರಲ್ಲಿ ಲಾನ್ ದಿಂಬಿನಿಂದ ತಲೆ ಎತ್ತಲು ನೋಡಿ, ಆಗದೆ, ಮಲಗಿದಲ್ಲಿಂದಲೇ ನರ್ಸ್‌ಗೆ ಹೇಳಿದಳು.

"ಶಿ ಡ್ರೆಡ್. ಮೆನಿ ಡೇ, ಫಾರ್ ಮಿ. ಪ್ಲೀಸ್, ಒನ್ ಚೇರ್. ಒನ್ ಟೀ. ಟೂ ಶುಗರ್."

ನರ್ಸಿನ ಮುಖ ಮೆತ್ತಗಾಯಿತು. ಓಡಿಹೋಗಿ ಕುರ್ಚಿ ತಂದು ಕೋ ಅವರನ್ನು ತೋಳು ಹಿಡಿದು ಕೂರಿಸಿದಳು, ಚಹಾ ತಂದಳು. ಕೋಗೆ ಡಯಾಬಿಟಿಸ್, ಸಕ್ಕರೆ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಬೇಡ ಎನ್ನಲಿಲ್ಲ. ಲಾನಳ ವಾಕ್ಯವನ್ನೂ ತಿದ್ದಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಲಾನ್ ನೋಡುತ್ತಿದ್ದಂತೆ, ತಳದಲ್ಲಿ ಕರಗದೆ ಉಳಿದಿದ್ದ ಸಕ್ಕರೆಯವರೆಗೂ ಕುಡಿದು ಮುಗಿಸಿದರು.